ಎಕಂಬಾದ ವಾಕಿಟಾಕಿ ಮತ್ತು ಎರಡು ಲಿಂಬಿಹಣ್ಣು

ನಾನು ಆರಿಸಿ ತಂದ ಆಂಟೆನಾ ಎಂಥದ್ದಾಗಿತ್ತೆಂದರೆ, ಅದನ್ನು ವಾಕಿಟಾಕಿ ಸೆಟ್ಟಿಗೆ ತಿರುವಿ ಗುಂಡಿ ಒತ್ತಿದ ಕೂಡಲೇ ಅರಬ್ಬೀ ಸಮುದ್ರದ ಮೇಲೆ ಮಲಗಿದ್ದ ಮೋಡವೊಂದು ಎದ್ದು, "ಹೇಳ್ರಿ ಮನ್ಮಥಪ್ಪನವರ" ಅಂತು. ನಾನು ನಮ್ಮ ಬೀದರ ಕಡೆಯ ಎಕಂಬಾ ಊರಿನ ದಾರಿ ಹೇಳಿದೆ. ಸೋಲಾಪುರದ ಹತ್ತಿರ ಅದಕ್ಕೆ ದಾರಿ ತಪ್ಪಿತು, ಮತ್ತೆ ಕೇಳಿತು, ಮತ್ತೆ ಹೇಳಿದೆ. ಎರಡು ಸಾವಿರದ ಹದಿನಾರರ ಬರ ಮುರಿದದ್ದು ಹೀಗೆ. ಹವಾಮಾನದವರು ಬೇರೆ ಏನೋ ಕಾರಣ ಹೇಳುತ್ತಾರೆ. ಅವರು ಅಲ್ಲಿ ಇರಲಿಲ್ಲ, ನಾನಿದ್ದೆ.

ಇದನ್ನೇ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಭಾಲ್ಕಿ ಸ್ಟೇಷನ್ ರಸ್ತೆಯ ನನ್ನ ರಿಪೇರಿ ಅಂಗಡಿಯಲ್ಲಿ ಕೂತು ಹಾವಗೆಪ್ಪ ಮಾಸ್ತರರಿಗೆ ಹೇಳುತ್ತಿದ್ದೆ. ಹೊರಗೆ ಜೋರು ಮಳೆ, ಕರೆಂಟು ಇಲ್ಲ, ಅವರ ಫ್ಯಾನು ನನ್ನ ಮುಂದೆ ಬಿಚ್ಚಿ ಬಿದ್ದಿತ್ತು. ಎದ್ದು ಹೋಗಲು ಅವರಿಗೆ ದಾರಿಯೇ ಇರಲಿಲ್ಲ. ಅವರಿಗೆ ಹೇಳಿದ್ದನ್ನು ಒಂದಕ್ಷರ ಕೂಡಿಸದೆ ಇಲ್ಲಿ ಹೇಳುತ್ತೇನೆ.

ಆ ಬ್ಯಾಸಿಗಿಯಲ್ಲಿ ಭಾಲ್ಕಿಯ ಕಾಗೆಗಳು ಹೈದರಾಬಾದ್ ಬಸ್ಸಿನ ಟಾಪಿನ ಮೇಲೆ ಕೂತು, ಟಿಕೆಟು ತೆಗೆಸದೆ ಊರು ಬಿಟ್ಟಿದ್ದವು. ಅಂಥ ಒಂದು ದಿನ ಎಕಂಬಾದ ಕೌಸಲ್ಯಾಬಾಯಿ ಬಂದು, ಅರಿವೆ ಚೀಲದಿಂದ ಎರಡು ವಾಕಿಟಾಕಿ ತೆಗೆದು ಮೇಜಿನ ಮೇಲಿಟ್ಟರು. ಎರಡರ ಆಂಟೆನಾವೂ ಕುತ್ತಿಗೆಯ ಹತ್ತಿರ ಮುರಿದು ಜೋತಾಡುತ್ತಿದ್ದವು.

"ಏನಾಗ್ಯಾದರಿ ಬಾಯಿ?"

"ಜುಟ್ಟ ಹರದದ."

"ಹ್ಯಾಂಗ ಹರೀತು?"

"ಹ್ಯಾಂಗ ಅಂದ್ರ? ಜುಟ್ಟ ಹಿಡದೇ ಒಯ್ತೇವಲ್ಲ. ಕಂದೀಲಕ್ಕ ಮ್ಯಾಲ ಹಿಡೀತಾರೋ ಕೆಳಗ ಹಿಡೀತಾರೋ? ಮನಿಯೊಳಗ ಗೂಟಕ್ಕೂ ಹಂಗೇ ತೂಗಹಾಕಿದ್ವಿ. ಲಾಲ ಅಹ್ಮದ ಟ್ಯಾಂಕರದಾಗ ಕನ್ನಡಿಗಿ ತೂಗಹಾಕಿದ್ದ."

ಬರಪರಿಹಾರದ ಒಂದು ಸಂಸ್ಥೆಯವರು ಪರವಾನಗಿ ತೆಗೆಸಿ ಕೊಟ್ಟ ಸೆಟ್ಟುಗಳು ಅವು. ಒಂದು ಕೌಸಲ್ಯಾಬಾಯಿಯ ಹತ್ತಿರ, ಏಕೆಂದರೆ ಓಣಿಯಲ್ಲಿ ಕೊಡಗಳ ಪಾಳಿ ನೋಡುವವರು ಅವರು. ಇನ್ನೊಂದು ನೀರಿನ ಟ್ಯಾಂಕರ್ ಹೊಡೆಯುವ ಲಾಲ ಅಹ್ಮದನ ಹತ್ತಿರ. ಕರೆಂಟು ಹೋದರೆ ಮೊಬೈಲ್ ಟವರೂ ಮಲಗುತ್ತಿತ್ತು, ಅದಕ್ಕೇ ವಾಕಿಟಾಕಿ. ಲಾಲ ಅಹ್ಮದ ಎಕಂಬಾ ಕ್ರಾಸಿಗೆ ಬಂದು, ಓಣಿಯ ನೀರಿನ ಟಾಕಿಯ ಮುಚ್ಚಳ ತೆಗೆದು ಯಾರಾದರೂ ನಿಂತಿದ್ದೀರಾ ಎಂದು ಸೆಟ್ಟಿನಲ್ಲಿ ಕೇಳುವುದು. ಹೂಂ ಎಂದರೆ ಒಳಗೆ ತಿರುಗುವುದು, ಉತ್ತರ ಇಲ್ಲದಿದ್ದರೆ ನೆಟ್ಟಗೆ ಮುಂದಿನ ಊರು ಚಿಂತಾಕಿಗೆ. ಜುಟ್ಟು ಹರಿದ ಮೇಲೆ ನೀರೆಲ್ಲ ಚಿಂತಾಕಿಗೇ ಹೋಗುತ್ತಿತ್ತು. ಇತ್ತ ಎಕಂಬಾದ ಹೆಂಗಸರು ದೂರದ ಬಾವಿಯ ತಳ ಕೆರೆಯುತ್ತಿದ್ದರು.

"ಸೋಮವಾರ ಕೂಲಿ ಮಂದಿನ್ನ ಒಯ್ಯೋ ಮುಕಾದಮನ ಟ್ರಕ್ಕು ಬರ್ತದ," ಅಂದರು ಕೌಸಲ್ಯಾಬಾಯಿ. "ಹೈದರಾಬಾದಿಗಿ, ಕಟ್ಟಡದ ಕೆಲಸಕ್ಕ. ಓಣಿ ಮಂದಿ ಗಂಟು ಕಟ್ಟ್ಯಾರ. ನಮ್ಮ ಸೊಸಿ ಶಾಲೂಗ ಏಳು ತಿಂಗಳು. ಎಲ್ಲಾರೂ ಹೋದ ಮ್ಯಾಲ ನೀರಿಲ್ಲದ ಊರಾಗ ಆಕಿನ್ನ ಇಟಗೊಂಡು ನಾ ಏನ್ ಮಾಡ್ಲಿ? ಕರಕೊಂಡು ಹೋದ್ರ ಸಿಮೆಂಟ್ ಚೀಲದ ಮ್ಯಾಲ ಹಡೀಬೇಕು. ಐತವಾರ ಟ್ಯಾಂಕರ್ ಮಾತಿಗಿ ಸಿಕ್ಕು ನೀರು ಬಂತಂದ್ರ, ಟ್ರಕ್ಕಿನವನಿಗಿ ನಾ ಬರಂಗಿಲ್ಲ ಅಂತೇನಿ. ನಾ ಕುಂತ್ರ ಓಣೀನೂ ಕುಂದರ್ತದ."

ಮರುದಿನವೇ ಸೆಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಬೀದರಿಗೆ ಹೋದೆ. ಬಸ್ಸು ತಡವಾಗುತ್ತದೆಂದು ಓಡಿಯೇ ಹೋದೆ, ಬಸ್ಸು ನನ್ನ ಹಿಂದೆ ಬಂತು. ಚೌಬಾರ ಗೋಪುರದ ಹಿಂದಿನ ಗಲ್ಲಿಯಲ್ಲಿ ಅಕ್ತರಬೀ ಆಪಾ ಅವರ ರೇಡಿಯೋ ಸಾಮಾನಿನ ಅಂಗಡಿ. ಅಲ್ಲಿ ಆಂಟೆನಾಗಳು ಜೋಳದ ಹೊಲದಂತೆ ನಿಂತು, ಗಾಳಿ ಬೀಸಿದರೆ ತೂಗುತ್ತವೆ. ಆಪಾ ಮೂರನ್ನು ಕಿತ್ತು ನನ್ನ ಮುಂದಿಟ್ಟರು.

ಮೊದಲನೆಯದು ಹೆಬ್ಬೆರಳಿನಷ್ಟು. "ಜೇಬಿನ್ಯಾಗ ಚುಚ್ಚಂಗಿಲ್ಲ ಭಾಯಿ," ಅಂದರು.

"ಮಾತೂ ಜೇಬಿನ್ಯಾಗೇ ಉಳೀತದರಿ ಆಪಾ. ಇವರಿಗಿ ಬಯಲು ದಾಟಬೇಕು."

ಎರಡನೆಯದು ಮೊಳದುದ್ದ, ಬೆಳ್ಳಿಯಂತೆ ಹೊಳೆಯುವಂಥದ್ದು. ನೋಡಿದರೆ ಮದುವೆಗೆ ಒಯ್ಯಬೇಕು ಅನಿಸುತ್ತಿತ್ತು. ಆದರೆ ಅದು ಒಂದೇ ಬ್ಯಾಂಡಿನದು. ಈ ಸೆಟ್ಟುಗಳಲ್ಲಿ ಎರಡು ಬ್ಯಾಂಡು: ಬಯಲಿನಲ್ಲಿ ದೂರ ಮಾತಾಡಲು ಒಂದು, ಊರೊಳಗೆ ಗೋಡೆಗಳ ನಡುವೆ ಮಾತಾಡಲು ಇನ್ನೊಂದು. ಒಂದಕ್ಕೆ ಮಾಡಿದ ಆಂಟೆನಾ ಇನ್ನೊಂದಕ್ಕೆ ದುಡಿಯುವುದಿಲ್ಲ, ಸೆಟ್ಟು ಸುಮ್ಮನೆ ಬಿಸಿಯಾಗುತ್ತದೆ. ಮೂರನೆಯದು ಕಪ್ಪಗೆ, ತೆಳ್ಳಗೆ, ಎತ್ತು ಹೊಡೆಯುವ ಬಾರುಕೋಲಿನ ತುದಿಯಂತೆ ಬಾಗುವಂಥದ್ದು, ಉದ್ದ ಮೊಳಕ್ಕೆ ಸ್ವಲ್ಪ ಕಡಿಮೆ, ಬುಡದಲ್ಲಿ ಎರಡೂ ಬ್ಯಾಂಡಿನ ಗುರುತು. ನಾನು ಕಣ್ಣು ಮುಚ್ಚಿ, ಮೂಸಿ ನೋಡಿಯೇ ಇದೇ ಅಂದೆ.

"ಮೂಸೋದು ಸಾಕು, ತಿರುವಿ ನೋಡು," ಅಂದರು ಆಪಾ. "ಸೆಟ್ಟಿನ ಬಾಯಾಗ ಸೂಜಿ ಇದ್ರ ಆಂಟೆನಾಕ್ಕ ತೂತು ಬೇಕು. ಎರಡಕ್ಕೂ ತೂತೇ ಇದ್ರ ನಾಳಿ ನನ್ನ ಅಂಗಡಿ ಮುಂದ ಬಂದು ಅಳ್ತೀ."

ತಿರುವಿದೆ. ಕೂತಿತು. ಎರಡು ಕೊಂಡೆ.

ಭಾಲ್ಕಿಗೆ ಬಂದು, ಲಾಲ ಅಹ್ಮದನ ಕೈಗೆ ಒಂದು ಸೆಟ್ಟು ಕೊಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅಂಗಡಿಯಿಂದ ಮಾತಾಡಿಸಿದೆ. ಅವನು ಚಹಾ ಸೊರ್ ಎಂದು ಹೀರಿದ್ದು ಕೂಡ ಇಲ್ಲಿ ಕೇಳಿತು. ಆಮೇಲೆ ನನ್ನ ಅಂಗಡಿಯಿಂದ ಹೊರಗೆ ಹೋಗುವ ಮಿಕ್ಸರಿಗೆ, ಟೀವಿಗೆ ಮಾಡುವುದನ್ನೇ ಇವಕ್ಕೂ ಮಾಡಿದೆ. ಎರಡಕ್ಕೂ ಒಂದೊಂದು ಲಿಂಬಿಹಣ್ಣು, ಹಸಿ ಮೆಣಸಿನಕಾಯಿ, ಕಬ್ಬಿಣದ ತಂತಿಗೆ ಪೋಣಿಸಿ, ದೃಷ್ಟಿ ಆಗದಿರಲೆಂದು ಆಂಟೆನಾಕ್ಕೆ ಬುಡದಿಂದ ಸುತ್ತಿ ಸುತ್ತಿ ಬಿಗಿದೆ.

ಇಲ್ಲಿಗೆ ಬಂದಾಗ ಮಾಸ್ತರರು ತಡೆದರು. "ಕೊರಳಾಗ ಲಿಂಗ ಕಟ್ಟಿದವರು ಲಿಂಬಿನೂ ಕಟ್ತೀರೇನು ಮನ್ಮಥಪ್ಪ?"

"ಲಿಂಗ ನನಗರಿ, ಲಿಂಬಿ ಗಿರಾಕಿಗಿ. ಮುಂದ ಕೇಳ್ರಿ. ಆ ಆಂಟೆನಾಕ್ಕ ಅಷ್ಟು ತಾಕತ್ತು ಬಂದದ್ದೇ ಆ ಲಿಂಬಿಯಿಂದ. ಐತವಾರ ನಾನೇ ಟ್ಯಾಂಕರ್ ಹತ್ತಿ ಎಕಂಬಾ ಕ್ರಾಸಿಗಿ ಹೋದೆ. ಗುಂಡಿ ಒತ್ತಿದೆ. ಒತ್ತಿದ್ದೇ ತಡ, ಎಕಂಬಾ ಮಾತಾಡ್ತು, ಚಿಂತಾಕಿ ಮಾತಾಡ್ತು, ಮುಂಬೈದ ಹಡಗಿನವ ಒಬ್ಬ ಓವರ್ ಅಂದ, ಮ್ಯಾಲಿಂದ ಮೋಡ..."

"ಮಾಸ್ತರ, ನೀವು ಇದನ್ನ ನಂಬ್ಲತ್ತೀರೇನ್ರಿ?"

ಬಾಗಿಲಲ್ಲಿ ಕೌಸಲ್ಯಾಬಾಯಿ ನಿಂತಿದ್ದರು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಸೊಂಟದ ಮೇಲೆ ಮೊಮ್ಮಗ. ಅವನ ಬಾಯಲ್ಲಿ ಆಂಟೆನಾದ ತುದಿ. ಎಷ್ಟೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನಾನು ಅವಸರದಿಂದ ಫ್ಯಾನಿನ ಕಡೆ ತಿರುಗಿದೆ.

"ನಾವು ಬೌದ್ಧರು," ಅಂದರು ಅವರು ಮಾಸ್ತರರಿಗೆ. "ನಮ್ಮಲ್ಲಿ ಲಿಂಬಿ, ಮೆಣಸಿನಕಾಯಿ ಅಡಗಿ ಮನ್ಯಾಗಷ್ಟೇ ಇರ್ತಾವ. ಆವತ್ತು ಸೆಟ್ಟು ಮನಿಗಿ ಒಯ್ದ ಕೂಡ್ಲೇ ಶಾಲೂ ಹುಳಿ ಬೇಕು ಅಂದ್ಲು. ಬಸರಿ ಹೆಂಗಸು. ತಂತಿ ಬಿಚ್ಚಿ ಒಗದು, ಲಿಂಬಿ ಹಿಂಡಿ ಕೊಟ್ಟೆ. ಐತವಾರ ಮುಚ್ಚಳ ತೆಗೆದು ನಿಂತೀವಿ. ಇವರ ದನಿ ಬಾವ್ಯಾಗಿಂದ ಬಂದಂಗ ಬರ್ಲತ್ತಿತ್ತು. ನಾ ಇಲ್ಲಿಂದ ಒದರಲತ್ತೀನಿ, ಇವರಿಗಿ ಒಂದೂ ಮುಟ್ಟವಲ್ದು. ಟ್ಯಾಂಕರಿನ ಧೂಳು ಕ್ರಾಸಿನ್ಯಾಗ ಕಾಣ್ತದ, ಶಾಲೂ ನನ್ನ ಮಾರಿ ನೋಡ್ತಾಳ, ಓಣಿ ಮಂದಿ ಗಂಟು ನೋಡ್ತಾರ. ಆಮ್ಯಾಲ ಒಮ್ಮೆಲೇ ಲಾಲ ಅಹ್ಮದ ಬಂದೆ ಅಂದ. ಅಲ್ಲೇನಾಯ್ತು ಅಂತ ಇವರೇ ಹೇಳ್ಲಿ. ಲಾಲ ಅಹ್ಮದ ನನಗ ಹೇಳ್ಯಾನ, ಅದಕ್ಕ ನೋಡಿ ಹೇಳ್ರಿ ಅಣ್ಣಾ."

ಮಾಸ್ತರರು ಕನ್ನಡಕ ಸರಿ ಮಾಡಿಕೊಂಡರು. ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಈಗ ಎದ್ದು ಹೋಗಲು ದಾರಿಯಿಲ್ಲದವನು ನಾನು.

"ಖರೆ ಹೇಳ್ತೇನಿ," ಅಂದೆ. "ಗುಂಡಿ ಒತ್ತಿದ್ರ ಬರೀ ಖರ್ ಖರ್ ಅಂತಿತ್ತರಿ. ಮುಂಬೈ ಹಡಗೂ ಇಲ್ಲ, ಎಕಂಬಾನೂ ಇಲ್ಲ. ಲಾಲ ಅಹ್ಮದ, ಎಕಂಬಾ ಮಂದಿ ಹೋಗ್ಯಾರ ಕಾಣ್ತದ ಅಂತ ಚಿಂತಾಕಿ ಕಡಿ ಸ್ಟೇರಿಂಗ್ ತಿರುವಿದ. ನಾ ಮಾತಾಡ್ಲಿಲ್ಲ. ನನ್ನ ಆಂಟೆನಾದ ತಪ್ಪು ಅಂತಾನ ಅಂತ ಅಂಜಿಕಿ."

"ಮುಂದ?" ಅಂದರು ಮಾಸ್ತರರು.

"ಅವನಿಗಿ ನೀರಡಿಕಿ ಆಗಿತ್ತು. ಹಿಂದ ಟಾಕಿ ತುಂಬ ನೀರು ಅದ, ಅದು ಊರಿನದು ಅಂತ ಮುಟ್ಟಂಗಿಲ್ಲ. ಬಾಟಲಿಯೊಳಗ ಒಂದು ಗುಟುಕು ಬಿಸಿನೀರು. ಹಿಂಡಿ ಕುಡೀಬೇಕಂತ ನಾ ಕಟ್ಟಿದ ಲಿಂಬಿ ಹಿಡದು ಜಗ್ಗಿದ. ತಂತಿ ಎಲ್ಲಾ ಸುರುಳಿ ಬಿಚ್ಚಿ ಅವನ ಕೈಗಿ ಬಂತು. ಅದೇ ಗಳಿಗಿಗಿ ಸೆಟ್ಟಿನ್ಯಾಗಿಂದ ಈ ಬಾಯಿ ದನಿ."

"ಏನಂದಿದ್ದೆ ಹೇಳ್ರಿ."

"ಕಿವ್ಯಾಗ ಅರಿವಿ ಇಟಗೊಂಡೀಯೇನೋ ಲಾಲ ಅಹ್ಮದ, ಗಂಟಲ ಹರೀತು, ಬಾ ಅಂತ."

ಮಾಸ್ತರರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಲೋಹದ ತಂತಿ ಸುತ್ತಿದ್ರ ಆಂಟೆನಾ ಸತ್ತಂಗೇ," ಅಂದೆ. "ನನಗ ಆಗ್ಲೇ ತಿಳೀತು. ಬ್ಯಾಟರಿ ಬಿಸಿ ಆಗಿರಲಿಲ್ಲ, ಈಗ ಆಗ್ಯಾದ ಅಂತ ಲಾಲ ಅಹ್ಮದಗ ಹೇಳ್ದೆ. ಅವ ನನ್ನ ನೋಡಿದ, ಲಿಂಬಿ ನೋಡಿದ, ಹಿಂಡಕೊಂಡು ಕುಡದ. ಎಕಂಬಾಕ್ಕ ಗಾಡಿ ತಿರುವಿದ."

ಸೋಮವಾರ ಟ್ರಕ್ಕು ಬಂದದ್ದು ಹೌದು. ಆ ಓಣಿಯಿಂದ ಇಬ್ಬರೋ ಮೂವರೋ ಹತ್ತಿದರಂತೆ, ಉಳಿದವರು ಗಂಟು ಬಿಚ್ಚಿದರು. ಶಾಲೂಬಾಯಿ ಎಕಂಬಾದಲ್ಲೇ, ತನ್ನ ಮನೆಯಲ್ಲೇ ಹೆತ್ತಳು. ಹೆತ್ತದ್ದು ಇವನನ್ನೇ, ಈಗ ನನ್ನ ಮೇಜಿನ ಮೇಲೆ ಕೂತು ಸ್ಕ್ರೂಡ್ರೈವರಿಗೆ ಕೈ ಹಾಕುತ್ತಿರುವವನನ್ನು.

ಕೌಸಲ್ಯಾಬಾಯಿ ಅವನ ಬಾಯಿಂದ ಆಂಟೆನಾ ಎಳೆದು ನನಗೆ ಕೊಟ್ಟರು. ಮೇಲಿನ ರಬ್ಬರೆಲ್ಲ ಹಲ್ಲಿನ ಗುರುತು, ಒಳಗಿನ ತಂತಿ ಹೊರಗೆ ಬಂದಿತ್ತು. "ದವಡಿ ಹಲ್ಲು ಬರ್ಲತ್ತಾವ, ಕಡದಾನ. ಬ್ಯಾಸಿಗಿಗಿ ಮತ್ತ ಟ್ಯಾಂಕರ್ ಬರ್ತದೋ ಏನೋ, ಈಗೇ ಒಂದು ತಂದಿಡ್ರಿ. ಅದೇ ಕಪ್ಪಂದು. ಲಿಂಬಿ ಕಟ್ಟಬ್ಯಾಡ್ರಿ, ಕೈಯಾಗ ಕೊಡ್ರಿ, ಉಪ್ಪಿನಕಾಯಿ ಹಾಕ್ತೇನಿ."

"ಮತ್ತ ಆ ಮೋಡ?" ಕೇಳಿದರು ಮಾಸ್ತರರು.

"ಮೋಡಕ್ಕ ನಾ ಏನೂ ಹೇಳಿಲ್ಲರಿ," ಅಂದೆ. "ಅದು ಮುಂದ ಮಳಿಗಾಲದಾಗ ತಾನೇ ಬಂತು. ಬೀದರಿಗಿ ಓಡಿನೂ ಹೋಗಿಲ್ಲ, ಬಸ್ಸಿನ್ಯಾಗೇ ಹೋಗಿದ್ದೆ, ಸೀಟ್ ಸಿಕ್ಕಿತ್ತು. ಆಂಟೆನಾ ಮಾತ್ರ ನಾನೇ ಆರಿಸಿದ್ದು, ಮಾಸ್ತರ. ಮೂಸಿ ಅಲ್ಲ, ತಿರುವಿ ನೋಡಿ."