ಗುತ್ತೆವ್ವನ ಗುರುತು

ಎಂಬತ್ಮೂರರ ಜನವರಿಯಲ್ಲಿ ವಿಧಾನಸಭೆಗೆ ಚುನಾವಣೆ ನಡೆದಾಗ, ತಿಳವಳ್ಳಿಯಾಚೆಯ ಆ ಸಣ್ಣ ಊರಿನ ಸಾಲೆಯಲ್ಲಿ ಮತಗಟ್ಟೆ ಹಾಕಿದ್ದರು. ಊರ ವಾಲೀಕಾರ ನೀಲಪ್ಪ ಬೆಳಗ್ಗೆ ಆರಕ್ಕೇ ಬಂದು ಅಂಗಳ ಗುಡಿಸಿ, ಕೊಡಕ್ಕೆ ನೀರು ತುಂಬಿಸಿಟ್ಟು ಬಾಗಿಲ ಹೊರಗೆ ನಿಂತಿದ್ದ. ಡಂಗುರ ಸಾರುವುದು, ಕಂದಾಯಕ್ಕೆ ಜನರನ್ನು ಕರೆದು ತರುವುದು ಅವನ ಕೆಲಸ. ಯಾವ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂಬುದು ಅವನಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಹಿಂದಿನ ದಿನ ಅಜ್ಜಪ್ಪಗೌಡ ಅವನನ್ನು ತನ್ನ ಭತ್ತ ಒಕ್ಕುವ ಕಣಕ್ಕೆ ಕರೆಸಿದ್ದ. ಗೌಡ ಒಬ್ಬ ಅಭ್ಯರ್ಥಿಯ ಏಜೆಂಟ. ಇನ್ನೊಬ್ಬನ ಪರವಾಗಿ ಏಜೆಂಟನಾಗಿ ಕೂರುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

"ನಿಮ್ಮ ಕೇರಿ ಹೆಣ್ಮಕ್ಕಳು ಈ ಸಲ ತಿರುಗಿ ಬಿದ್ದಾರಂತ. ನಿಮ್ಮಕ್ಕನೇ ಮುಂದ ನಿಂತಾಳಂತ," ಎಂದ ಗೌಡ. "ನಾಳೆ ಆಕಿ ಓಟಿಗೆ ನಾ ತಕರಾರು ತಗೀತೇನಿ. ಸಾಹೇಬ್ರು ನಿನ್ನ ಕೇಳ್ತಾರ. ಗುರುತಿಲ್ಲ ಅನ್ನು, ಸಾಕು. ನಿನ್ನ ವಾಲೀಕಾರಿಕಿ ಕಾಯಂ ಆಗೂ ಕಾಗದ ನನ್ನ ಕೈಯಾಗ ಐತಿ."

ನೀಲಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಕೇರಿಯ ದಾರಿ ಹಿಡಿದ.

ಅಕ್ಕ ಗುತ್ತೆವ್ವ ಗಂಡನನ್ನು ಕಳೆದುಕೊಂಡವಳು. ಅವ್ವ ಸತ್ತಾಗ ನಾಲ್ಕು ವರ್ಷದವನಾಗಿದ್ದ ನೀಲಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕೇರಿಗೆ ಮಂಜೂರಾದ ಮನೆ ಜಾಗದಲ್ಲಿ ಗೌಡ ಬಣವೆ ಒಟ್ಟಿಕೊಂಡಾಗ, ಹಾನಗಲ್ಲಿನ ಕಚೇರಿಗೆ ಮೂರು ಸಲ ನಡೆದು ಹೋಗಿ ಅರ್ಜಿ ಕೊಟ್ಟಿದ್ದಳು. ಆ ಸಿಟ್ಟಿನಲ್ಲೇ ಹದಿನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಒಂಬತ್ತು ಗಂಟೆಗೆ ಬಂದಳು.

ಸರದಿಯಲ್ಲಿ ಅವಳೇ ಮೊದಲು. ಗುಮಾಸ್ತ "ಗುತ್ತೆವ್ವ ಕೋಂ ಮೈಲಾರಲಿಂಗಪ್ಪ" ಎಂದು ಓದುತ್ತಿದ್ದಂತೆ ಗೌಡ ಎದ್ದ. ತಕರಾರಿಗೆ ಕಟ್ಟಬೇಕಾದ ಎರಡು ರೂಪಾಯಿಯನ್ನು ಮೇಜಿನ ಮೇಲಿಟ್ಟ.

"ಈಕಿ ಗುತ್ತೆವ್ವ ಅಲ್ಲರಿ. ಗುತ್ತೆವ್ವ ದುಡ್ಯಾಕ ಹ್ವಾದಾಕಿ ತಿರುಗಿ ಬಂದಿಲ್ಲ. ಈಕಿ ಬ್ಯಾರೆ ಯಾರೋ."

ಗುತ್ತೆವ್ವನಿಗೆ ನಗು ಬಂತು. "ನಿಮ್ಮ ಕಣದಾಗ ಹ್ವಾದ ವಾರ ಭತ್ತಾ ತೂರಿದಾಕಿ ಯಾರ್ರಿ ಗೌಡ್ರ?"

ಸರದಿಯಲ್ಲಿದ್ದ ಶಾರವ್ವ ಕೂಗಿ ಹೇಳಿದಳು, "ಆಕೀನ ಗುತ್ತೆವ್ವ ರೀ ಸಾಹೇಬ್ರ!"

ಮತಗಟ್ಟೆಯ ಅಧಿಕಾರಿ ಸವಣೂರಿನಿಂದ ಬಂದ ಮಾಸ್ತರರು. ಊರು ಹೊಸದು, ಮುಖಗಳೂ ಹೊಸವು. "ನೀವೆಲ್ಲ ಒಂದ ಕೇರಿಯವರು. ಸರಕಾರಿ ಮನಶಾ ಹೇಳಲಿ," ಎಂದು ನೀಲಪ್ಪನನ್ನು ಒಳಗೆ ಕರೆದರು.

"ಈಕಿ ಗುರುತು ಐತೇನು ನಿನಗ?"

ನೀಲಪ್ಪ ಅಕ್ಕನ ಮುಖ ನೋಡಲಿಲ್ಲ. ಅವಳ ಕಾಲುಗಳು ಕಂಡವು, ಒಡೆದ ಹಿಮ್ಮಡಿ ಕಂಡಿತು.

"ಇಲ್ರಿ," ಎಂದ.

ಗುತ್ತೆವ್ವ ತಮ್ಮನ ಮುಖವನ್ನೇ ನೋಡುತ್ತ ನಿಂತಳು. ತಕರಾರು ಗೆದ್ದ ಗೌಡ ತನ್ನ ಎರಡು ರೂಪಾಯಿ ವಾಪಸು ಇಸಿದುಕೊಂಡ. ಬೇರೆಯವರ ಹೆಸರಲ್ಲಿ ಓಟು ಹಾಕಲು ಬಂದದ್ದು ಅಪರಾಧ, ಪೊಲೀಸರಿಗೆ ಒಪ್ಪಿಸಬೇಕು ಎಂದರು ಮಾಸ್ತರರು. ಇದ್ದ ಒಬ್ಬನೇ ಪೊಲೀಸನಿಗೆ ಬಾಗಿಲು ಬಿಡುವಂತಿರಲಿಲ್ಲ. ಅವನು ಗುತ್ತೆವ್ವನನ್ನು ಸಾಲೆಯ ಹಿಂದಿನ ಕಟ್ಟೆಯ ಮೇಲೆ ಕೂರಿಸಿ, ಕಾಯಲು ನೀಲಪ್ಪನನ್ನೇ ನಿಲ್ಲಿಸಿದ. ಉಳಿದ ಹೆಂಗಸರು ಪೊಲೀಸಿನ ಹೆಸರು ಕೇಳಿಯೇ ಸರದಿ ಬಿಟ್ಟು ಮನೆಗೆ ಹೋದರು. ಯಾರ ಮೇಲೂ ಮತ್ತೆ ತಕರಾರು ತೆಗೆಯಬೇಕಾಗಲಿಲ್ಲ.

ಮಧ್ಯಾಹ್ನದ ಬಿಸಿಲು ಕಟ್ಟೆಗೆ ಬಂತು.

"ಅಕ್ಕಾ, ನೀರು ತರ್ಲೇನು?"

"ಗುರುತಿಲ್ಲದಾಕೀನ ಅಕ್ಕ ಅಂತಾರೇನು?" ಎಂದಳು ಗುತ್ತೆವ್ವ. ಸಂಜೆ ಐದಕ್ಕೆ ಮತಪೆಟ್ಟಿಗೆಗೆ ಅರಗು ಹಾಕಿದ ಮೇಲೆ ಮಾಸ್ತರರು ಕಟ್ಟೆಯ ಬಳಿ ಬಂದು, "ಇನ್ನೊಮ್ಮೆ ಹಿಂಗ ಮಾಡಬ್ಯಾಡವಾ," ಎಂದು ಬುದ್ಧಿ ಹೇಳಿ ಬಿಟ್ಟು ಕಳಿಸಿದರು. ಅವಳು ಸೆರಗು ಕೊಡವಿ ಎದ್ದು ಹೋದಳು.

ಗೌಡನ ಅಭ್ಯರ್ಥಿ ಸೋತ. ಸೋತದ್ದು ಸಾವಿರಾರು ಮತಗಳಿಂದ. ಆ ಹದಿನೈದು ಓಟು ಇದ್ದರೂ ಇಲ್ಲದಿದ್ದರೂ ಒಂದೇ ಆಗಿತ್ತು. ನೀಲಪ್ಪನ ಕೆಲಸ ಮಾತ್ರ ಕಾಯಂ ಆಯಿತು. ಮನೆ ಜಾಗದಲ್ಲಿ ಬಣವೆ ಹಾಗೇ ನಿಂತಿತ್ತು.

ಮರುವರ್ಷ ಮತದಾರರ ಯಾದಿ ತಿದ್ದಲು ಬೇರೊಬ್ಬ ಸಾಲೆ ಮಾಸ್ತರ ಬಂದ. ಮನೆ ತೋರಿಸುವುದು ನೀಲಪ್ಪನ ಪಾಲಿಗೆ ಬಂತು. ಅಕ್ಕನ ಬಾಗಿಲಲ್ಲಿ ಮಾಸ್ತರ ಹೆಸರು ಓದಿದ.

"ಆ ಹೆಸರು ಹೊಡದ ಹಾಕ್ರಿ," ಎಂದಳು ಗುತ್ತೆವ್ವ, ಹೊಸ್ತಿಲ ಒಳಗಿನಿಂದಲೇ.

"ಯಾಕವಾ? ಇದ್ದೀಯಲ್ಲ?"

"ನಾ ಇದ್ದೇನಿ ಅಂತ ನಾ ಹೇಳಿದ್ರ ನಡಿಯೂದಿಲ್ರಿ. ಇನ್ನೊಬ್ಬರು ಹೇಳಬೇಕು."

"ಹೊಡೀಬ್ಯಾಡ್ರಿ ಮಾಸ್ತರ," ಎಂದ ನೀಲಪ್ಪ. "ಆಕಿ ಗುತ್ತೆವ್ವ. ನಮ್ಮಕ್ಕ ರೀ. ನನ್ನ ಸ್ವಂತ ಅಕ್ಕ."

ಗುತ್ತೆವ್ವ ಅವನತ್ತ ನೋಡದೆ ಬಾಗಿಲು ಹಾಕಿಕೊಂಡಳು. ಮಾಸ್ತರ ಸ್ವಲ್ಪ ಹೊತ್ತು ಕಾದ. ಹೊತ್ತಾಗುತ್ತಿತ್ತು, ಇನ್ನೂ ಮೂವತ್ತು ಮನೆಗಳಿದ್ದವು. ಅವಳು ಹೇಳಿದಂತೆ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದ ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳಿದ.

ನೀಲಪ್ಪ ಒಬ್ಬೊಬ್ಬರದೇ ಹೆಸರು ಹೇಳತೊಡಗಿದ.