ಮೋಹನದಾಸನ ಜಾವಾ

ಅಪ್ಪಾಸಾಹೇಬನಿಗೆ ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಣ್ಣ ಬಟ್ಟೆ ಅಂಗಡಿ ಇತ್ತು. ಇಳಕಲ್ ಸೀರೆ, ಖಣ, ಧೋತರ ಮಾರುತ್ತಿದ್ದ. ಅಥಣಿ ಕಡೆಯವನು. ಕಲ್ಯಾಣದ ಪೇಟೆಯಿಂದ ಬಟ್ಟೆಯ ಗಂಟು ಹೊತ್ತು ಲೋಕಲ್ ಟ್ರೇನಿನಲ್ಲಿ ನುಗ್ಗಾಡಿ ಸಾಕಾಗಿ, ೧೯೭೮ರ ಬೇಸಿಗೆಯಲ್ಲಿ ಒಂದು ಹಳೇ ಜಾವಾ ಮೋಟರ್‌ಸೈಕಲ್ ಕೊಂಡ.

ಮಾರಿದವನು ಕಲ್ಯಾಣದ ಆಚೆ ಶಹಾಡಿನ ಚಾಳಿನಲ್ಲಿದ್ದ ಮೋಹನದಾಸ. ಉಡುಪಿ ಕಡೆಯವನು, ಅಲ್ಲೇ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಕಾಯಿಲೆ ಬಿದ್ದು ಗಾಡಿ ಹೊಡೆಯುವ ಶಕ್ತಿ ಉಳಿದಿರಲಿಲ್ಲ. ಗಾಡಿಯ ಕುಂದುಗಳನ್ನು ಕೇಳುವ ಮುಂಚೆ ತಾನೇ ಹೇಳಿದ್ದ: ಚಳಿಯಲ್ಲಿ ಒಂದೇ ಕಿಕ್ಕಿಗೆ ಏಳುವುದಿಲ್ಲ, ರಸ್ತೆಯ ಗುಂಡಿಗೆ ಇಳಿದರೆ ಲೈಟು ಆರಿ ಹೊತ್ತುತ್ತದೆ. "ಎಂಜಿನ್ನಿಗೆ ಮಾತ್ರ ಎಂತ ತೊಂದರೆಯೂ ಇಲ್ಲ. ನಾನೇ ಬಿಚ್ಚಿ ಕಟ್ಟಿದ್ದು" ಎಂದಿದ್ದ. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡ.

ಆ ಗಾಡಿಗೆ ಸೀರೆ ಗಾರ್ಡ್ ಇರಲಿಲ್ಲ. ಹಿಂದೆ ಕೂರುವ ಹೆಂಡತಿ ನೀಲಗಂಗಾಳ ಸೆರಗು ಗಾಲಿಗೆ ಸಿಕ್ಕೀತೆಂದು ಅಪ್ಪಾಸಾಹೇಬ ಒಂದು ಗಾರ್ಡ್ ತಂದು ತಾನೇ ಕೂರಿಸಿದ. ಅಂಗಡಿಯ ರ‍್ಯಾಕಿನಿಂದ ಉಳಿದಿದ್ದ ಬೋಲ್ಟು ಹಾಕಿ ಹಿಂದಿನ ಮಡ್‌ಗಾರ್ಡಿಗೆ ಬಿಗಿದ. ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಕೆಲಸ ತಪ್ಪಿತೆಂದು ಹಿಗ್ಗಿದ.

ಅದಾದ ಕೆಲವೇ ದಿನಕ್ಕೆ, ದೀಪಾವಳಿಯ ಆಸುಪಾಸಿನಲ್ಲಿ ಇಬ್ಬರೂ ಕಲ್ಯಾಣದಿಂದ ಬರುತ್ತಿದ್ದಾಗ ಸಪ್ಪಳ ಶುರುವಾಯಿತು. ಟಕ ಟಕ ಟಕ. ಜೋರು ಮಾಡಿದರೆ ಅದೂ ಜೋರಾಗುತ್ತಿತ್ತು.

"ಏನ್ರೀ ಅದು?" ಎಂದು ಬೆನ್ನ ಹಿಂದಿನಿಂದ ನೀಲಗಂಗಾ ಕೇಳಿದಳು.

"ಎಂಜಿನ್ದಾಗಿಂದ ಬರಾಕತ್ತೈತಿ" ಎಂದ ಅವನು. ಟ್ಯಾಂಕಿನ ಕೆಳಗೆ ಯಾರೋ ಸುತ್ತಿಗೆ ಬಡಿದಂತೆ ಅವನ ತೊಡೆಗೆ ತಾಗುತ್ತಿತ್ತು.

ಮರುದಿನ ಒಬ್ಬನೇ ಹೋದಾಗ ಸಪ್ಪಳವಿಲ್ಲ. ಆಮೇಲೆ ಗಂಟು ಹೇರಿಕೊಂಡು ಬರುವಾಗ ಮತ್ತೆ ಬಂತು. ಹೀಗೆ ಬಂದು ಹೋಗಿ ಮಾಡುವ ಸದ್ದಿಗೆ ಅವನ ಜೀವ ಹಾರಿತು. ನಡುದಾರಿಯಲ್ಲಿ ಎಂಜಿನ್ ಜಾಮಾಗಿ ಬೀಳುವ ಚಿತ್ರವೇ ಕಣ್ಣ ಮುಂದೆ.

ಕಲ್ಯಾಣದಲ್ಲಿ ಮಾಪಣ್ಣ ಎಂಬ ಕಲಬುರಗಿಯ ಮೆಕ್ಯಾನಿಕ್ ಇದ್ದ. ಒಂದು ಭಾನುವಾರ ಅಪ್ಪಾಸಾಹೇಬ ಗಾಡಿಯನ್ನು ಅವನ ಮುಂದೆ ನಿಲ್ಲಿಸಿ, ಸಪ್ಪಳ ಬಂದದ್ದು ಯಾವಾಗೆಲ್ಲ ಎಂದು ಹೇಳಿದ. ಮಾಪಣ್ಣ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ, ರೇಸ್ ಕೊಟ್ಟು, ಕಿವಿ ಹಚ್ಚಿ ಕೇಳಿದ. ಏನೂ ಇಲ್ಲ.

"ನಿಂತಲ್ಲಿ ಸಪ್ಪಳ ಬರವಲ್ದು. ನಾಳೆ ಗಂಟ ಹೇರ್ಕೊಂಡೇ ಬರ್ರಿ, ಓಡಿಸಿ ನೋಡೂಣು."

"ಒಳಗಿನ ಬೇರಿಂಗ್ ಹೋಗಿರಬೇಕಲ್ಲ?"

"ಹೋಗಿದ್ರೂ ಹೋಗಿರಬಹುದು. ಬಿಚ್ಚದ ಹ್ಯಾಂಗ ಹೇಳ್ಲಿ?"

ಬೇರಿಂಗ್ ಎಂಬ ಮಾತು ಅಪ್ಪಾಸಾಹೇಬನದೇ. ಆದರೆ ಅಲ್ಲಿಂದ ಹೊರಡುವಾಗ ಅದು ಮೆಕ್ಯಾನಿಕ್ ಹೇಳಿದ ಮಾತೆಂದೇ ಅವನಿಗೆ ಅನ್ನಿಸಿತು. ನೆಟ್ಟಗೆ ಶಹಾಡಿಗೆ ಹೋದ.

ಮೋಹನದಾಸನ ಹೆಂಡತಿ ನಳಿನಾಕ್ಷಿ ಚಾಳಿನ ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಇವನನ್ನು ಕಂಡು ಎದ್ದು ನಿಂತಳು. ಅವನು ಕೂರಲೂ ಇಲ್ಲ.

"ಸತ್ತವರ ಬಗ್ಗೆ ಮಾತಾಡಬಾರದು, ಖರೆ. ಆದರ ಎಂಜಿನ್ ಹಾಳಾದ ಗಾಡಿ ನನ್ನ ಕೊರಳಿಗೆ ಕಟ್ಟಿ ಹೋದರಲ್ಲ ನಿಮ್ಮ ಯಜಮಾನರು."

"ಅವರು ಹಾಗೆ ಮಾಡುವವರಲ್ಲ" ಎಂದಳು ಅವಳು ಮೆಲ್ಲಗೆ.

"ಮಾಡ್ಯಾರ. ಗೊತ್ತಿದ್ದೇ ಮಾಡ್ಯಾರ."

ದನಿ ಏರಿದ್ದಕ್ಕೆ ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು. ಅವರಿಗೆ ಕನ್ನಡ ಬಾರದೆಂದು ಅಪ್ಪಾಸಾಹೇಬ ಅದನ್ನೇ ಹಿಂದಿಯಲ್ಲಿ ಹೇಳಿದ: ಖರಾಬ್ ಇಂಜನ್ ಛುಪಾಕೆ ಬೇಚಾ, ಧೋಖಾ ದಿಯಾ, ಮುಚ್ಚಿಟ್ಟು ಮಾರಿ ಮೋಸ ಮಾಡಿದ ಎಂದು. ನಳಿನಾಕ್ಷಿ ಮೊರವನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಅವನು ಮೆಟ್ಟಿಲಿಳಿದು ಹೋದ.

ಮುಂದಿನ ವಾರ ನಲ್ಲಿಯ ಹತ್ತಿರ ಗಾಡಿ ತೊಳೆಯುತ್ತಿದ್ದಾಗ ಹಿಂದಿನ ಟೈರಿನ ಮೇಲೆ ಸುತ್ತಲೂ ಒಂದು ಗೀರು ಬಿದ್ದದ್ದು ಕಣ್ಣಿಗೆ ಬಿತ್ತು. ಟೈರಿನ ಹಲ್ಲುಗಳೆಲ್ಲ ಒಂದೇ ನೇರಕ್ಕೆ ಕಿತ್ತುಹೋಗಿದ್ದವು. ಬಗ್ಗಿ ಮಡ್‌ಗಾರ್ಡಿನ ಒಳಗೆ ಕೈಯಾಡಿಸಿದ. ಸೀರೆ ಗಾರ್ಡಿಗೆ ತಾನು ಹಾಕಿದ್ದ ರ‍್ಯಾಕಿನ ಬೋಲ್ಟು ಬೇಕಾದ್ದಕ್ಕಿಂತ ಉದ್ದ. ಅದರ ತುದಿ ಒಳಕ್ಕೆ ಚಾಚಿಕೊಂಡು, ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ಹಿಂದೆ ಹೆಂಡತಿಯೋ ಗಂಟೋ ಇದ್ದರೆ ಸೀಟಿನೊಂದಿಗೆ ಮಡ್‌ಗಾರ್ಡೂ ತಗ್ಗುತ್ತದೆ, ಟೈರು ಬೋಲ್ಟಿಗೆ ತಾಗುತ್ತದೆ, ಒಂದೊಂದು ಹಲ್ಲೂ ಬಡಿಯುತ್ತ ಹೋಗುತ್ತದೆ. ಮಡ್‌ಗಾರ್ಡಿನ ತಗಡಿನ ಸದ್ದು ಇಡೀ ಗಾಡಿಗೆ ಹಬ್ಬಿ ಎಂಜಿನ್ನಿನದೆಂದು ಕೇಳುತ್ತದೆ. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಅವನು ಒದ್ದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತೇ ಬಿಟ್ಟ. ಅತ್ತಿತ್ತ ನೋಡಿದ. ಯಾರೂ ನೋಡುತ್ತಿರಲಿಲ್ಲ. ಬೋಲ್ಟು ತೆಗೆದು ತಿರುವಿ, ತುದಿ ಹೊರಗೆ ಬರುವಂತೆ ಹಾಕಿ ಬಿಗಿದ.

ಸಂಜೆ ನೀಲಗಂಗಾ ಹಿಂದೆ ಕೂತವಳು, "ಸಪ್ಪಳ ಹೋತಲ್ರೀ. ಏನಾಗಿತ್ತು?" ಎಂದಳು.

"ಆ ಮೋಹನದಾಸ ಏನೋ ಮಾಡಿಟ್ಟಿದ್ದ. ನಾ ಸರಿ ಮಾಡಿದೆ" ಎಂದ. ಮಾತು ತಾನಾಗಿಯೇ ಬಾಯಿಂದ ಬಂದಿತ್ತು.

ಗಂಡನ ಕೈಗುಣದ ಹೆಮ್ಮೆಯಿಂದ ನೀಲಗಂಗಾ ಅದನ್ನು ಕನ್ನಡ ಸಂಘದ ಭಜನೆಯಲ್ಲಿ ಹೆಂಗಸರ ಮುಂದೆ ಹೇಳಿದಳು. ಮಾತು ಬಾಯಿಂದ ಬಾಯಿಗೆ ಹರಿದು ಶಹಾಡಿಗೂ ಹೋಯಿತು.

ಒಂದು ದಿನ ನಳಿನಾಕ್ಷಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ನೀಲಗಂಗಾ ಅಲ್ಲೇ ಸೀರೆ ಮಡಚುತ್ತಿದ್ದಳು. ಅಪ್ಪಾಸಾಹೇಬ ಗಜಕಡ್ಡಿ ಕೆಳಗಿಟ್ಟ.

"ಜಗಳಕ್ಕೆ ಬಂದದ್ದಲ್ಲ" ಎಂದಳು ನಳಿನಾಕ್ಷಿ. "ಗಾಡಿ ನೀವು ಸರಿ ಮಾಡಿದ್ರಂತೆ. ಅವರು ಎಂತ ಮಾಡಿಟ್ಟಿದ್ದರು ಅಂತ ನನಗೆ ಒಮ್ಮೆ ತೋರಿಸಿ."

"ಹೋಗ್ಲಿ ಬಿಡ್ರಿ ಬಾಯಾರ, ಮುಗದ ಮಾತು."

"ನನಗೆ ಮುಗೀಲಿಲ್ಲ. ನನ್ನ ಹತ್ರ ಒಂದು ಮಾತೂ ಮುಚ್ಚಿಟ್ಟವರಲ್ಲ ಅಂತ ನಂಬಿದ್ದೆ. ನೀವು ಬಂದು ಹೋದ ಮೇಲೆ ಅವರ ಫೋಟೋಕ್ಕೆ ಹೂ ಇಡುವಾಗ ಕೈ ಹಿಂದೆ ಬರ್ತದೆ. ಮೋಸ ಮಾಡಿದ್ದು ಹೌದಾದ್ರೆ ಹೌದು. ನಾನು ಕಣ್ಣಲ್ಲಿ ನೋಡ್ಬೇಕು."

ಗಾಡಿ ಅಂಗಡಿಯ ಮುಂದೆಯೇ ನಿಂತಿತ್ತು. ಮೂವರೂ ಹೊರಗೆ ಬಂದರು. ಎಂಜಿನ್ನಿನ ಯಾವುದೋ ತಿರುಪು ಮುಟ್ಟಿ ತೋರಿಸಿದರೂ ಅವಳು ನಂಬುತ್ತಿದ್ದಳು. ಅವಳಿಗೆ ಯಂತ್ರದ ಗಂಧವಿರಲಿಲ್ಲ. ಆ ಯೋಚನೆ ಅಪ್ಪಾಸಾಹೇಬನಿಗೆ ಬಂದೇ ಬಂತು. ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವನು ಬಗ್ಗಿ ಸೀರೆ ಗಾರ್ಡಿನ ಬೋಲ್ಟಿನ ಮೇಲೆ ಬೆರಳಿಟ್ಟ.

"ಇದರದ್ದ ಸಪ್ಪಳ. ಈ ಗಾರ್ಡ್ ಹಾಕಿದಾಂವ ನಾ. ಬೋಲ್ಟ್ ಉದ್ದ ಆಗಿ ಟೈರಿಗೆ ಬಡೀತಿತ್ತು."

ಅವಳಿಗೆ ತಿಳಿಯಲಿಲ್ಲ. ಟೈರಿನ ಗೀರು ತೋರಿಸಿ ಅವನು ಮತ್ತೊಮ್ಮೆ ಹೇಳಬೇಕಾಯಿತು.

"ಅಂದ್ರೆ ಅವರದ್ದು ಎಂತ ತಪ್ಪು?"

"ಏನೂ ಇಲ್ರಿ. ಅವರು ಹೇಳಿದ್ದು ಖರೇ ಇತ್ತು."

ನಳಿನಾಕ್ಷಿ ಗಾಡಿಯ ಸೀಟಿನ ಮೇಲೆ ಕೈಯೂರಿದಳು. ಕಣ್ಣೊರೆಸಿಕೊಂಡಳು. ಅಪ್ಪಾಸಾಹೇಬ ಕೈಮುಗಿದದ್ದನ್ನು ಅವಳು ನೋಡಿದಂತೆ ಕಾಣಲಿಲ್ಲ.

"ನನಗೆ ಇಲ್ಲಿ ಹೇಳಿದ್ರೆ ಸಾಕಾಗುದಿಲ್ಲ" ಎಂದಳು. "ಅಲ್ಲಿ ನಿಂತು ಹೇಳಿದ್ದಲ್ವಾ ನೀವು? ಅಲ್ಲಿಗೇ ಬಂದು ಹೇಳಿ."

ಭಾನುವಾರ ಅವನು ಟ್ರೇನಿನಲ್ಲಿ ಶಹಾಡಿಗೆ ಹೊರಟ. ಆ ಗಾಡಿಯ ಮೇಲೆ ಹೋಗಲು ಮನಸ್ಸಾಗಲಿಲ್ಲ. ನೀಲಗಂಗಾ ಕರೆಯದೆಯೇ ಜೊತೆಗೆ ಬಂದಳು. ಚಾಳಿನವರು ಕೆಲವರು ಗ್ಯಾಲರಿಗೆ ಬಂದು ನಿಂತರು. ಮೊದಲ ಸಲ ಅಷ್ಟು ಸರಾಗವಾಗಿ ಬಂದಿದ್ದ ಹಿಂದಿ ಈಗ ನಾಲಿಗೆಗೆ ಸಿಗಲಿಲ್ಲ.

"ಇಂಜನ್ ಅಚ್ಛಾ ಥಾ. ಗಲತೀ ಮೇರಿ ಥೀ. ಮೋಹನದಾಸ್ ಭಾಯ್ ನೆ ಧೋಖಾ ನಹೀಂ ದಿಯಾ." ಎಂಜಿನ್ ಸರಿಯಿತ್ತು, ತಪ್ಪು ತನ್ನದು, ಅವರು ಮೋಸ ಮಾಡಲಿಲ್ಲ ಎಂದು ಅಷ್ಟರಲ್ಲೇ ಮುಗಿಸಿದ.

ಮೂಲೆಯ ಖೋಲಿಯ ಮುದುಕನೊಬ್ಬ ಕಿವಿಗೆ ಕೈ ಹಚ್ಚಿ, ಏನು ಹೇಳುತ್ತಿದ್ದಾನೆಂದು ಮರಾಠಿಯಲ್ಲಿ ಕೇಳಿದ. ಅಪ್ಪಾಸಾಹೇಬ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ಯಾರೋ ನಕ್ಕರು. ಅವತ್ತು ಊರಲ್ಲಿಲ್ಲದವರಿಗೆ ಉಳಿದವರು ಹಳೆಯ ಕತೆಯನ್ನು ಬಿಡಿಸಿ ಹೇಳತೊಡಗಿದರು. ಅವನು ತಲೆತಗ್ಗಿಸಿ, ಅದು ಮುಗಿಯುವವರೆಗೂ ನಿಂತ.

"ಆಯ್ತು. ಹೋಗಿ" ಎಂದು ನಳಿನಾಕ್ಷಿ ಒಳಗೆ ಹೋದಳು. ಕೂರಿ ಅನ್ನಲಿಲ್ಲ, ಚಾ ಅನ್ನಲಿಲ್ಲ.

ಶಹಾಡಿನ ಪ್ಲಾಟ್‌ಫಾರ್ಮಿನಲ್ಲಿ ನೀಲಗಂಗಾ ಮೊದಲ ಸಲ ಬಾಯಿ ಬಿಟ್ಟಳು. "ನನಗೂ ಸುಳ್ಳ ಹೇಳಿದ್ರಿ. ನಾ ಅದನ್ನ ಭಜನಿ ಮಂದಿಗೆಲ್ಲ ಹೇಳೇನಿ."

"ಅಲ್ಲಿಗೂ ನಾನೇ ಬಂದು ಹೇಳ್ತೀನಿ."

"ಬ್ಯಾಡ್ರಿ. ಅದು ನನ್ನ ಬಾಯಿಂದ ಹೋದ ಮಾತು. ನಾನೇ ಹೇಳ್ಕೊಂತೀನಿ."

ಟ್ರೇನು ಬಂತು. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು, ಅವನು ಹಿಂದಿನದಕ್ಕೆ. ಡೊಂಬಿವಲಿಯಲ್ಲಿ ಇಳಿದಾಗ ಗರ್ದಿಯಲ್ಲಿ ಅವಳು ಕಾಣಲಿಲ್ಲ. ಬಿಟ್ಟು ಹೋದಳೆಂದೇ ಅಂದುಕೊಂಡ. ಸೇತುವೆ ದಾಟಿ ಇಳಿದರೆ ಮೆಟ್ಟಿಲ ಕೆಳಗೆ ಸೆರಗು ಹೊದ್ದು, ಮುಖ ಅತ್ತ ತಿರುಗಿಸಿ ನಿಂತಿದ್ದಳು. ಅವನು ಹತ್ತಿರ ಬಂದ ಮೇಲೆ ಮುಂದೆ ನಡೆದಳು. ಅವನು ಅವಳ ಹಿಂದೆ ನಡೆದ.