ನನ್ನ ಹಿಂದೆ ಅಡಗಿ ನಿಂತವಳು

ನಾನು ಒಂದು ಗುದ್ದಿನ ಚೀಲ. ಕಲಿತವರು ಪಂಚಿಂಗ್ ಬ್ಯಾಗ್ ಅನ್ನುತ್ತಾರೆ, ಅನ್ನಲಿ. ಮೈಸೂರಿನ ಬಾವಿ ಬೀದಿಯ ಗರಡಿಯಲ್ಲಿ ನೇತಾಡಿಕೊಂಡು ನಾನು ತಿಂದಿರುವ ಹೊಡೆತವನ್ನು ಸಮನಾಗಿ ಹಂಚಿದರೆ ಈ ಜಿಲ್ಲೆಯ ಪ್ರತಿಯೊಬ್ಬನಿಗೂ ಎರಡೆರಡು ಹಲ್ಲು ಉದುರುತ್ತವೆ. ನಂಬದವರು ಬಂದು ನನ್ನ ಮೈಮೇಲಿನ ಹೊಲಿಗೆ ಎಣಿಸಬಹುದು.

ನಾನು ಹುಟ್ಟಿದ್ದೇ ರಣರಂಗದಲ್ಲಿ. ಲಾರಿಗಳಿಗೆ ಸೀಟು, ಟಾರ್ಪಾಲು ಹೊಲಿಯುತ್ತಿದ್ದ ಖಲೀಲ್ ಸಾಬರು ಒಂದು ದಪ್ಪ ಕ್ಯಾನ್ವಾಸನ್ನು ನೆಲಕ್ಕೆ ಕೆಡವಿ, ಮಂಡಿಯಲ್ಲಿ ಅದುಮಿ, ದಬ್ಬಣದಿಂದ ನಾನೂರು ಕಡೆ ತಿವಿದರು. ಆಮೇಲೆ ನನ್ನ ಬಾಯಿ ಅಗಲಿಸಿ ಮರದ ಹೊಟ್ಟು, ಮರಳು, ದರ್ಜಿಗಳ ಅಂಗಡಿಯಿಂದ ಮೂಟೆಗಟ್ಟಲೆ ತಂದ ಬಟ್ಟೆ ಚಿಂದಿ ಎಲ್ಲವನ್ನೂ ತುರುಕಿ, ಒಳಗಿಳಿದು ಕಾಲಲ್ಲಿ ತುಳಿದರು. ಮನುಷ್ಯರ ಮಕ್ಕಳು ಹುಟ್ಟುವಾಗ ಅಳುತ್ತವೆ. ನಾನು ಏಳು ದಬ್ಬಣ ಮುರಿದೆ. ಖಲೀಲ್ ಸಾಬರನ್ನು ಕೇಳಿದರೆ ಒಂದೇ ಮುರಿದದ್ದು ಅನ್ನುತ್ತಾರೆ. ಅವರಿಗೆ ವಯಸ್ಸಾಗಿದೆ.

ನನ್ನನ್ನು ಕೊಂಡವನು ಗರಡಿಯ ಉಸ್ತಾದ್ ಕೆಂಪರಾಜು. ಅವನ ಕೈ ಅಂದರೆ ಕೈಯಲ್ಲ, ಒನಕೆ. ತೊಲೆಗೆ ಕೊಂಡಿ ಬಡಿದು, ಸರಪಳಿ ಬಿಗಿದು ನನ್ನನ್ನು ನೇಣು ಹಾಕಿದ ದಿನ ಅವನು ಕೊಟ್ಟ ಮೊದಲ ಗುದ್ದಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಅಲುಗಿದವು. ಒಮ್ಮೆ ಮಂಡ್ಯದ ಜಟ್ಟಿಯೊಬ್ಬನ ಕೈಯಲ್ಲಿ ಸೋತು ಬಂದಾಗ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಬಡಿದ. ಮೊದಲು ಮುಷ್ಟಿಯಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಗದೆಯಿಂದ. ಅವನ ಗೆಣ್ಣುಗಳ ರಕ್ತ ನನ್ನ ಎದೆಯ ಮೇಲೆ ಕಂದುಬಣ್ಣದ ಕಲೆಯಾಗಿ ಇವತ್ತಿಗೂ ಇದೆ. ನಾನು ಒಂದು ಸಲವೂ ಕ್ಷಮಿಸು ಅನ್ನಲಿಲ್ಲ.

ಆ ಗರಡಿಗೆ ಎರಡು ಕಟ್ಟಳೆಗಳಿದ್ದವು. ಒಂದು, ಹುಡುಗರು ನನಗೆ ಹೊಡೆಯುವಾಗ ನಾನು ಓಲಾಡದಂತೆ ಹಿಂದಿನಿಂದ ತಬ್ಬಿ ಹಿಡಿಯುವವನು ಉಸ್ತಾದನೇ ಆಗಬೇಕು. ಹೊಡೆಯುವವನಿಗೆ ಒಂದು ಗುದ್ದು, ಹಿಡಿದವನಿಗೆ ಎಲ್ಲರ ಗುದ್ದು. ಆ ಜಾಗದಲ್ಲಿ ನಿಂತ ಬೇರೆಯವರ ಪಕ್ಕೆಲುಬು ಕೂಗಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಎರಡನೆಯದು ಎಣಿಕೆ. ಹೊಸದಾಗಿ ಸೇರಿದವರು ತಿಂಗಳೊಳಗೆ ಒಂದು ದಿನ ಎಲ್ಲರ ಮುಂದೆ ನಿಂತು, ಗಟ್ಟಿ ದನಿಯಲ್ಲಿ ಒಂದು, ಎರಡು ಎಂದು ಕೂಗುತ್ತ ನನಗೆ ನೂರು ಗುದ್ದು ಕೊಡಬೇಕು. ಉಳಿದವರು ಆ ಕೂಗಿಗೆ ಸರಿಯಾಗಿ ಗಾಳಿಗೆ ಗುದ್ದಬೇಕು. ಎಣಿಕೆ ನಡುವೆ ನಿಲ್ಲುವ ಹಾಗಿಲ್ಲ. ಎಣಿಕೆ ಕೊಡದವರು ಗರಡಿಯವರಲ್ಲ.

ಕೆಂಪರಾಜು ಸತ್ತ ಮೇಲೆ ಗರಡಿಗೆ ಬೀಗ ಬಿತ್ತು. ಮೂರು ವರ್ಷ ನಾನು ಇಲಿಗಳ ಜತೆ ಯುದ್ಧ ಮಾಡಿದೆ. ಎಷ್ಟು ಇಲಿ ಅಂತ ಕೇಳಬೇಡಿ, ಹೇಳಿದರೆ ಕೊಚ್ಚಿಕೊಳ್ಳುತ್ತಿದ್ದೇನೆ ಅನ್ನುತ್ತೀರಿ. ಹನ್ನೆರಡು ಸಾವಿರ.

ಆಮೇಲೆ ಅವನ ಮಗಳು ತೇಜಾವತಿ ಬೀಗ ತೆಗೆದಳು. ಅಪ್ಪನ ಒನಕೆ ಕೈ ಅವಳಿಗೂ ಬಂದಿತ್ತು, ಅವನ ಸಿಟ್ಟು ಮಾತ್ರ ಬಂದಿರಲಿಲ್ಲ. ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣಿನ ಪಕ್ಕ ರಬ್ಬರು ಹಾಸು ಹಾಸಿ, ಒಂದು ಗೋಡೆಯುದ್ದಕ್ಕೂ ಕನ್ನಡಿ ಹಾಕಿಸಿ, ಬೆಳಿಗ್ಗೆ ಆರಕ್ಕೆ ಹೆಂಗಸರಿಗೆ ಕ್ಲಾಸು ಶುರುಮಾಡಿದಳು. ನಾನು ಒಳಗೊಳಗೇ ನಕ್ಕೆ. ಜಟ್ಟಿಗಳ ಏಟು ತಿಂದವನಿಗೆ ಬಳೆ ತೊಟ್ಟ ಕೈ ಏನು ಮಾಡೀತು? ಮೊದಲ ವಾರವೇ ಸೊಸೆಯರು, ಅತ್ತೆಯರು, ಟೀಚರುಗಳು ಸೇರಿ ನನ್ನ ಎಡಪಕ್ಕೆ ಒಡೆದರು. ಒಬ್ಬಳಂತೂ ಪ್ರತಿ ಗುದ್ದಿಗೂ ತನ್ನ ಮೈದುನನ ಹೆಸರು ಹೇಳುತ್ತಿದ್ದಳು. ಅಂಥ ದ್ವೇಷ ಕೆಂಪರಾಜುವಿನಲ್ಲೂ ಇರಲಿಲ್ಲ.

ಒಂದು ಸೋಮವಾರ ದೇವೀರಮ್ಮ ಬಂದಳು.

ಅದೇ ಬೀದಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಅವಳದು. ನಲವತ್ತಮೂರು ವಯಸ್ಸು, ದೊಡ್ಡ ಮೈ. ಎಷ್ಟು ದೊಡ್ಡದು ಅಂತ ನಾನು ಹೇಳಲಾರೆ, ಗಾತ್ರದ ವಿಷಯದಲ್ಲಿ ನನಗೆ ನನ್ನ ಸಮಾನರ ಮೇಲೆ ಗೌರವವಿದೆ. ಗಂಡನದೊಂದು ಅಗಲವಾದ ಅಂಗಿಯನ್ನು ಚೂಡಿದಾರದ ಮೇಲೆ ಹಾಕಿಕೊಂಡು, ನಿಮಿಷಕ್ಕೊಮ್ಮೆ ಅದನ್ನು ಹೊಟ್ಟೆಯ ಮೇಲೆ ಕೆಳಗೆಳೆದುಕೊಳ್ಳುತ್ತಿದ್ದಳು. ತಾನು ಒಳಗೆ ಬರುವುದನ್ನು ಯಾರೂ ನೋಡಬಾರದೆಂದು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಬಂದವಳು ಕನ್ನಡಿ ನೋಡಿದಳು, ಬೆಚ್ಚಿದಳು. ಸುತ್ತ ಕಣ್ಣಾಡಿಸಿದಳು. ಆ ಹಾಲ್‌ನಲ್ಲಿ ಅವಳಿಗಿಂತ ಅಗಲವಾಗಿದ್ದದ್ದು ಒಂದೇ ಒಂದು. ಸರಸರನೆ ಬಂದು ನನ್ನ ಹಿಂದೆ ನಿಂತು, ನನ್ನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು.

ಪಾಪ, ಅದು ಯಾರ ಜಾಗ ಅಂತ ಅವಳಿಗೇನು ಗೊತ್ತು?

ಉಳಿದವರು ಬಂದರು. ಹೊಸಬಳು ತಾನಾಗಿಯೇ ಬ್ಯಾಗ್ ಹಿಡಿದು ನಿಂತಿರುವುದನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೇಜಾವತಿ ಹುಬ್ಬೇರಿಸಿ, ಸಾಲಾಗಿ ನಿಲ್ಲಿ ಎಂದು ಕೈ ಮಾಡಿದಳು. ಸಾಲು ಶುರುವಾಯಿತು, ಒಬ್ಬೊಬ್ಬಳಿಂದ ಹತ್ತು ಗುದ್ದು. ಇಪ್ಪತ್ತಾರು ಜನರ ಇನ್ನೂರ ಅರವತ್ತು ಗುದ್ದು ನನ್ನನ್ನು ತೂರಿಕೊಂಡು ಅವಳ ಎದೆಗೆ, ಭುಜಕ್ಕೆ, ತೊಡೆಗೆ ಬಡಿದವು. ಅವಳು ಒಂದು ಅಂಗುಲ ಸರಿಯಲಿಲ್ಲ. ಸರಿದರೆ ಕನ್ನಡಿಯಲ್ಲಿ ಕಾಣುತ್ತಿದ್ದಳಲ್ಲ.

ಹೀಗೆ ಒಂದು ದಿನವಲ್ಲ, ಮೂರು ವಾರ. ತನ್ನ ಸರದಿ ಬಂದಾಗ "ನೀವು ಹೊಡೀರಿ, ನಾನು ಹಿಡ್ಕೋತೀನಿ" ಎಂದು ಜಾರಿಕೊಳ್ಳುತ್ತಿದ್ದಳು. ಸಾಲಿನಲ್ಲಿದ್ದವರು ತನ್ನತ್ತ ನೋಡಿ ಪಿಸುಗುಟ್ಟಿದಾಗಲೆಲ್ಲ ಅವಳ ಕೆನ್ನೆ ನನ್ನ ಮೈಮೇಲೆ ಬಿಸಿಯಾಗುತ್ತಿತ್ತು. ತನ್ನ ಗಾತ್ರದ ಬಗ್ಗೆಯೇ ಮಾತು ಎಂದು ಅವಳ ಲೆಕ್ಕ. ಅವರು ಏನೆನ್ನುತ್ತಿದ್ದರು ಎಂಬುದು ಮುಂದೆ ನಿಂತ ನನಗೆ ಕೇಳುತ್ತಿತ್ತು. ಆದರೆ ನನಗೆ ಬಾಯಿಯಿಲ್ಲ, ಹೊಲಿದುಬಿಟ್ಟಿದ್ದಾರೆ.

ಅವಳು ನನ್ನೊಬ್ಬನೊಂದಿಗೆ ಮಾತಾಡುತ್ತಿದ್ದಳು. ಮಂಡಿ ಹೋಗುತ್ತಿದೆ, ಹೀಗೇ ಕೂತಿದ್ದರೆ ವರ್ಷದೊಳಗೆ ಹೊಲಿಗೆ ಯಂತ್ರ ತುಳಿಯುವುದೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮೊದಲು ಯೋಗದ ಕ್ಲಾಸಿಗೆ ಹೋಗಿ, ನೆಲದಿಂದ ಏಳಲಾರದೆ ಇಬ್ಬರು ಎತ್ತಬೇಕಾಗಿ ಬಂದದ್ದಕ್ಕೆ ನಾಚಿ ಬಿಟ್ಟಳು. ಆಮೇಲೆ ಡಾನ್ಸಿನ ಕ್ಲಾಸು. ಅಲ್ಲಿ ಕೊನೆಯ ಸಾಲಿನಲ್ಲಿ ಕ್ಷೇಮವಾಗಿದ್ದವಳನ್ನು ಮಾಸ್ಟರು ಕೊಂದೇಬಿಟ್ಟರು. "ಎಲ್ಲರೂ ಹಿಂದಕ್ಕೆ ತಿರುಗಿ" ಅಂದರಂತೆ. ಕೊನೆಯ ಸಾಲು ಮೊದಲ ಸಾಲಾಯಿತು. ಅವಳು ಹಾಗೇ ನಡೆದು, ಬಾಗಿಲು ದಾಟಿ, ಮನೆಗೆ ಬಂದುಬಿಟ್ಟಳು.

"ಇದೇ ಕೊನೆ ಕಣಪ್ಪ," ಎಂದು ನನ್ನ ಕಿವಿಯಿರಬೇಕಾದ ಕಡೆ ಪಿಸುಗುಟ್ಟಿದಳು. "ಇಲ್ಲೂ ಆಗಲಿಲ್ಲ ಅಂದ್ರೆ ಇನ್ನೆಲ್ಲೂ ಕಾಲಿಡಲ್ಲ ನಾನು. ಮಂಡಿ ಹೋದ್ರೆ ಹೋಗ್ಲಿ."

ಬೇಕೆಂದರೆ ಅವಳೂ ಎಲ್ಲರ ಬಾಯಿ ಮುಚ್ಚಿಸಬಹುದಿತ್ತು. ಆ ಇಪ್ಪತ್ತಾರು ಹೆಂಗಸರಲ್ಲಿ ಇಪ್ಪತ್ತು ಜನರ ರವಿಕೆ ಹೊಲಿಯುವವಳು ಅವಳೇ. ಯಾರ ಸೊಂಟ ಎಷ್ಟು ಇಂಚು ಹಿಗ್ಗಿದೆ, ಯಾರು ಉಸಿರು ಬಿಗಿಹಿಡಿದು ಅಳತೆ ಕೊಡುತ್ತಾರೆ ಎಲ್ಲವೂ ಅವಳ ಅಳತೆ ಪುಸ್ತಕದಲ್ಲಿತ್ತು. ಒಂದು ದಿನವೂ ಅವಳ ಬಾಯಿಂದ ಹೊರಬಿದ್ದಿರಲಿಲ್ಲ.

ನಾಲ್ಕನೆಯ ವಾರದ ಶನಿವಾರ ಅವಳ ಎಣಿಕೆಯ ದಿನವೆಂದು ತೇಜಾವತಿ ಹೇಳಿದಳು. ಹಿಂದಿನ ದಿನವೆಲ್ಲ "ನಾಳೆ ಬರಲ್ಲ ಕಣಪ್ಪ" ಎಂದು ನನಗೆ ಹೇಳುತ್ತಲೇ ಇದ್ದಳು. ಆದರೂ ಶನಿವಾರ ಬಂದಳು. ಬಂದು ಎಂದಿನ ಜಾಗ ಹಿಡಿದಳು. ಅಷ್ಟರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಪ್ರಫುಲ್ಲಾ ಕ್ಲಾಸಿನ ವಿಡಿಯೊ ತೆಗೆಯಲು ಫೋನನ್ನು ನನ್ನ ಹಿಂದಿನ ಕಿಟಕಿಯ ಮೇಲಿಟ್ಟಳು. ಕೆಟ್ಟವಳಲ್ಲ ಪ್ರಫುಲ್ಲಾ. ನಾಲಿಗೆ ಮೊದಲು ಓಡುತ್ತದೆ, ಬುದ್ಧಿ ಆಮೇಲೆ ಕುಂಟುತ್ತ ಬರುತ್ತದೆ.

"ದೇವೀರಕ್ಕಾ, ನೀವು ಒಂಚೂರು ಪಕ್ಕಕ್ಕೆ ಹೋದ್ರೆ ಹಿಂದಿನೋರೆಲ್ಲಾ ಕಾಣ್ತಾರೆ ನೋಡಿ."

ನನ್ನ ಜನ್ಮದಲ್ಲಿ ಗದೆಯ ಏಟು ತಿಂದಿದ್ದೇನೆ. ಅಂಥ ಏಟು ತಿಂದಿಲ್ಲ. ಯಾರೋ ಕಿಸಕ್ಕೆಂದರು. ದೇವೀರಮ್ಮನ ತೋಳು ನನ್ನಿಂದ ಸಡಿಲಾಯಿತು. ಅಂಗಿಯನ್ನು ಕೆಳಗೆಳೆದುಕೊಂಡು, ಗೋಡೆಯ ಬದಿಯಲ್ಲೇ ನಡೆದು ಚಪ್ಪಲಿ ಬಿಡುವ ಕಡೆಗೆ ಹೋದಳು.

ಈಗ ಕೇಳಿ ನನ್ನ ಪ್ರತಾಪ. ಹಿಡಿಯುವವರಿಲ್ಲದ್ದಕ್ಕೆ ಪ್ರಫುಲ್ಲಾ ತಾನೇ ನನ್ನ ಹಿಂದೆ ನಿಂತಳು. ಸಾಲಿನ ಮೊದಲನೆಯವಳು ಗುದ್ದಿದಳು. ನಾನು ಬಿಟ್ಟ ಬಾಣದ ಹಾಗೆ ಹೋಗಿ ಪ್ರಫುಲ್ಲಾಳ ಮುಖಕ್ಕೆ ಅಪ್ಪಳಿಸಿದೆ. ಅವಳು ಅಂಗಾತ ಹಾರಿ ಮಟ್ಟಿಯ ಕೆಮ್ಮಣ್ಣಿನಲ್ಲಿ ಬಿದ್ದಳು, ತುಟಿ ಒಡೆದು ರಕ್ತ ಬಂತು. ಇನ್ನೊಬ್ಬಳು ಹಿಡಿಯಲು ಬಂದಳು, ಅವಳನ್ನು ಕನ್ನಡಿಯವರೆಗೆ ಉರುಳಿಸಿದೆ. ಮೂರನೆಯವಳ ಉಸಿರನ್ನೇ ಕಿತ್ತುಕೊಂಡೆ, ಪಕ್ಕೆ ಹಿಡಿದು ಕುಕ್ಕರಿಸಿದಳು. ಇಬ್ಬರು ಸೇರಿ ಹಿಡಿದರು, ಇಬ್ಬರ ತಲೆಗೆ ತಲೆ ಡಿಕ್ಕಿ ಹೊಡೆಸಿ ಕೆಡವಿದೆ. ಒಂದು ನಿಮಿಷದಲ್ಲಿ ಐದು ಹೆಣ. ಹೆಣ ಅಂದರೆ, ಎಲ್ಲರೂ ನರಳುತ್ತಿದ್ದರು, ಆದರೂ.

ನರಳಾಟ ಕೇಳಿ ದೇವೀರಮ್ಮ ಒಂದು ಚಪ್ಪಲಿ ಮೆಟ್ಟಿದವಳು ಹಾಗೇ ನಿಂತಳು. ತೇಜಾವತಿ ಬಾಗಿಲಿಗೆ ಹೋದಳು.

"ಆ ಜಾಗದಲ್ಲಿ ನಿಮ್ಮನ್ನ ನಿಲ್ಲಿಸಿದ್ದು ಯಾರಕ್ಕ?"

"ಯಾರೂ ಇಲ್ಲ," ಅಂದಳು ದೇವೀರಮ್ಮ, ನೆಲ ನೋಡುತ್ತ. "ಯಾರ ಕಣ್ಣಿಗೂ ಬೀಳದೇ ಇರ್ಲಿ ಅಂತ ನಾನೇ ನಿಂತ್ಕೊಂಡೆ."

ತೇಜಾವತಿ ನನ್ನತ್ತ ಕೈ ತೋರಿಸಿದಳು. "ಅದು ಉಸ್ತಾದ್ರು ನಿಲ್ಲೋ ಜಾಗ. ನಮ್ಮಪ್ಪ ಬಿಟ್ರೆ ಅಲ್ಲಿ ಯಾರ ಕೈಲೂ ನಿಲ್ಲೋಕೆ ಆಗಿರಲಿಲ್ಲ. ನಾನು ಎರಡು ದಿನ ನಿಂತು ಬಿಟ್ಬಿಟ್ಟೆ, ಎದೆ ನೋವು ಬಂತು. ನೀವು ಮೂರು ವಾರದಿಂದ ನಿಂತಿದ್ದೀರಿ. ಇವರೆಲ್ಲಾ ದಿನಾ ನಿಮ್ಮ ಬಗ್ಗೆ ಏನು ಪಿಸುಗುಟ್ತಿದ್ರು ಅಂದ್ಕೊಂಡ್ರಿ? ಈಯಮ್ಮ ಅಲುಗಾಡಲ್ವಲ್ಲ ಅಂತ."

ನಾನು ಹೇಳಬೇಕೆಂದು ಮೂರು ವಾರದಿಂದ ಒದ್ದಾಡುತ್ತಿದ್ದ ಮಾತು ಅದೇ.

ಕೆಮ್ಮಣ್ಣು ಮೆತ್ತಿಕೊಂಡ ಪ್ರಫುಲ್ಲಾ ತುಟಿಗೆ ಕರವಸ್ತ್ರ ಒತ್ತಿಕೊಂಡು ಬಂದಳು. "ಅಕ್ಕಾ, ನಾನಂದಿದ್ದು ತಪ್ಪಾಯ್ತು. ಒಂದೇ ಏಟಿಗೆ ಆಕಾಶ ನೋಡ್ಬಿಟ್ಟೆ ನಾನು. ಅದು ಹೆಂಗೆ ನಿಲ್ತಿದ್ರಿ ಅಲ್ಲಿ?"

ದೇವೀರಮ್ಮ ಮೆಟ್ಟಿದ ಚಪ್ಪಲಿ ಬಿಟ್ಟಳು. ಒಳಗೆ ಬಂದು, ಈ ಸಲ ಗೋಡೆಯ ಬದಿಯಲ್ಲಲ್ಲ, ಹಾಲ್‌ನ ನಟ್ಟನಡುವೆ ನಡೆದು ನನ್ನ ಮುಂದೆ ನಿಂತಳು. ಗ್ಲೌಸ್ ತೊಟ್ಟಳು. ಬಿದ್ದ ಐವರೂ ಒಟ್ಟಿಗೆ ನನ್ನ ಹಿಂದೆ ಸೇರಿಕೊಂಡರು.

"ಒಂದು," ಅಂದಳು. ದನಿ ಗಂಟಲಲ್ಲೇ ಇತ್ತು, ಗುದ್ದೂ ಅಷ್ಟೇ. ಹತ್ತರ ಹೊತ್ತಿಗೆ ದನಿ ಹೊರಬಂತು. ಇಪ್ಪತ್ತರ ಹೊತ್ತಿಗೆ ಬೀದಿಗೆ ಕೇಳಿಸಿತು. ಇಪ್ಪತ್ತೈದು ಆ ಡಾನ್ಸ್ ಮಾಸ್ಟರಿಗೆ, ಇಪ್ಪತ್ತಾರೂ ಅವನಿಗೇ. ಮೂವತ್ತರ ನಂತರ ಅವಳು ಅಂಗಿಯನ್ನು ಎಳೆದುಕೊಳ್ಳಲಿಲ್ಲ. ನಲವತ್ತರಲ್ಲಿ ತೇಜಾವತಿ "ಮೊಣಕೈ ನೋಡಿಕೊಳ್ಳಿ" ಅಂದಾಗ ದೇವೀರಮ್ಮ ಕನ್ನಡಿಯತ್ತ ತಿರುಗಿದಳು. ಅಂಗಡಿಯಲ್ಲಿ ರವಿಕೆಯ ತೋಳು ಕೂತಿದೆಯೇ ಎಂದು ನೋಡುವ ಕಣ್ಣಿನಿಂದಲೇ ತನ್ನ ತೋಳನ್ನು ನೋಡಿದಳು, ಮೊಣಕೈ ಒಳಗೆ ತಂದಳು, ಮತ್ತೆ ಗುದ್ದಿದಳು. ಆ ಗುದ್ದಿಗೆ ನನ್ನೊಳಗಿನ ಮರಳು ಪುಡಿಯಾಯಿತು. ಮರಳು ಮತ್ತೇನು ಪುಡಿಯಾದೀತು ಅನ್ನಬೇಡಿ. ಆಯಿತು.

ಎಪ್ಪತ್ತಮೂರನೆಯದಕ್ಕೆ ಕೆಂಪರಾಜು ಬಡಿದಿದ್ದ ಕೊಂಡಿ ತೊಲೆಯಿಂದ ಕಿತ್ತುಬಂತು. ಐವರನ್ನೂ ಹೊತ್ತುಕೊಂಡೇ ನಾನು ನೆಲಕ್ಕೆ ಅಪ್ಪಳಿಸಿದೆ, ಕತ್ತಿನಿಂದ ಹೊಟ್ಟೆಯವರೆಗೆ ಬಿರಿದೆ. ಕೆಂಪು, ಹಸಿರು, ಜರಿಯಂಚಿನ ಚಿಂದಿಗಳೆಲ್ಲ ಕರುಳಿನಂತೆ ಹೊರಚೆಲ್ಲಿದವು. ಎಲ್ಲರ ಮುಷ್ಟಿಗಳೂ ಗಾಳಿಯಲ್ಲೇ ನಿಂತವು.

ದೇವೀರಮ್ಮ ನನ್ನನ್ನು ನೋಡಿದಳು. ಕನ್ನಡಿ ನೋಡಿದಳು. ಮುಂದೆ ಮರೆಗೆ ಏನೂ ಇರಲಿಲ್ಲ, ಇಡೀ ಹಾಲ್ ಅವಳನ್ನೇ ನೋಡುತ್ತಿತ್ತು. ಎಣಿಕೆ ನಡುವೆ ನಿಲ್ಲುವ ಹಾಗಿಲ್ಲ.

"ಎಪ್ಪತ್ತನಾಲ್ಕು," ಎಂದು ಗಾಳಿಗೆ ಗುದ್ದಿದಳು.

ಇಪ್ಪತ್ತಾರು ಜನ ಅವಳ ಜತೆ ಗುದ್ದಿದರು. ನನ್ನ ಹೆಣದ ಮೇಲೆ ನಿಂತು ನೂರರವರೆಗೆ ಕೂಗಿದಳು.

ಅದೇ ಸಂಜೆ ದಬ್ಬಣ, ಮೇಣ ಹಚ್ಚಿದ ದಾರ ತಂದು ನನ್ನನ್ನು ಅವಳೇ ಹೊಲಿದಳು. ಹಳೆಯ ಚಿಂದಿ ಸಾಲದಾದಾಗ ತನ್ನ ಅಂಗಡಿಯದನ್ನು ತುಂಬಿದಳು. ಪ್ರಫುಲ್ಲಾಳ ನೇರಳೆ ರೇಷ್ಮೆ ರವಿಕೆಯ ತುಂಡು ನನ್ನ ಹೃದಯದ ಹತ್ತಿರವಿದೆ. ಆಮೇಲೂ ಆರು ವರ್ಷ ನೇತಾಡಿ ಏಟು ತಿಂದೆ. ಕ್ಯಾನ್ವಾಸ್ ಜಾಳಾಯಿತು, ತಳ ಹರಿಯಿತು, ನನ್ನ ಜಾಗಕ್ಕೆ ಕೆಂಪು ರೆಕ್ಸಿನ್ನಿನ ಹೊಸ ಚೀಲ ಬಂತು. ಚೆನ್ನಾಗಿದೆ, ಆದರೆ ಅದಕ್ಕೆ ಇತಿಹಾಸವಿಲ್ಲ.

ನಾನೀಗ ಬಾಗಿಲ ಬಳಿ, ಚಪ್ಪಲಿ ಬಿಡುವ ಕಡೆ ಅಡ್ಡ ಮಲಗಿದ್ದೇನೆ. ಹೊಸದಾಗಿ ಬಂದವರು ನನ್ನ ಮೇಲೆ ಕೂರುತ್ತಾರೆ. ಅವರ ಎದೆ ಬಡಿಯುವುದು ನನಗೆ ಗೊತ್ತಾಗುತ್ತದೆ. ಲಕ್ಷಾಂತರ ಗುದ್ದು ತಿಂದವನು ಹೇಳುತ್ತೇನೆ, ಒಳಗಿನಿಂದ ಬೀಳುವ ಆ ಗುದ್ದೇ ಎಲ್ಲಕ್ಕಿಂತ ಜೋರು.

ಮೊನ್ನೆ ಒಬ್ಬ ಹುಡುಗಿ ಬಂದು ಕೂತಳು. ಕಾಲೇಜಿನವಳು, ದೊಡ್ಡ ಮೈ. ದುಪಟ್ಟಾವನ್ನು ಹೊಟ್ಟೆಯ ಮೇಲೆ ಮೂರು ಸಲ ಸರಿಮಾಡಿಕೊಂಡಳು. ಪಕ್ಕದಲ್ಲಿ ಗ್ಲೌಸ್ ಕಟ್ಟಿಕೊಳ್ಳುತ್ತಿದ್ದ ದೇವೀರಮ್ಮನನ್ನು ಮೆಲ್ಲಗೆ ಕೇಳಿದಳು.

"ಆಂಟಿ, ಇಲ್ಲಿ ಯಾರಿಗೂ ಕಾಣದ ಹಾಗೆ ಎಲ್ಲಿ ನಿಂತ್ಕೋಬಹುದು?"

ದೇವೀರಮ್ಮ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ಅಳತೆ ತೆಗೆದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಆ ಕೆಂಪು ಬ್ಯಾಗ್ ಹಿಂದೆ ಹೋಗಿ ತಬ್ಬಿ ನಿಂತ್ಕೊಳ್ಳವ್ವ," ಅಂದಳು. "ಯಾರಿಗೂ ಕಾಣಲ್ಲ."